ಗಾಡಿ ಎತ್ತರಿಸಿದರೆ ಸಾಲದು, ಚಕ್ರವೂ ನೇರವಾಗಬೇಕು



ಕೊಯ್ಲಿಗೆ ಮುನ್ನ ಜೀಪು, ಪಿಕಪ್‌ಗಳನ್ನು ಗ್ಯಾರೇಜಿಗೆ ಬಿಡುವುದು ನಮ್ಮ ವಾಡಿಕೆ. ಅದೇ ಹೊತ್ತಿಗೆ ಉದ್ದದ ಷ್ಯಾಕಲ್ ಹಾಕಿಸಿಯೋ, ಸ್ಪ್ರಿಂಗಿಗೆ ಇನ್ನೊಂದು ಪ್ಲೇಟು ಸೇರಿಸಿಯೋ ಗಾಡಿಯನ್ನು ಒಂದೆರಡು ಇಂಚು ಎತ್ತರಿಸುವವರೂ ಉಂಟು. ತೋಟದ ದಾರಿಯ ಕಲ್ಲಿಗೆ ಅಡಿಭಾಗ ಬಡಿಯುತ್ತದೆಂಬುದು ಅವರ ಕಾರಣ. ಆದರೆ ಒಂದೇ ಅಚ್ಚಿನ ಆಕ್ಸಲ್ ಇರುವ ಗಾಡಿಯಲ್ಲಿ ಹೀಗೆ ಏರುವುದು ಚಾಸಿ ಮಾತ್ರ. ಡಿಫರೆನ್ಷಿಯಲ್ ಇದ್ದಲ್ಲಿಯೇ ಇರುತ್ತದೆ.

ಎತ್ತರ ಬದಲಾದೊಡನೆ ಮುಂಚಕ್ರಗಳ ಲೆಕ್ಕವೂ ಕೆಡುತ್ತದೆ. ಸ್ಟೀರಿಂಗಿನ ಸರಳುಗಳ ಕೋನ ಬದಲಾಗಿ, ಹಿಡಿಕೆ ಓರೆಯಾಗುತ್ತದೆ. ಕ್ಯಾಸ್ಟರ್ ಕಡಿಮೆಯಾದರೆ ತಿರುವಿನ ನಂತರ ಸ್ಟೀರಿಂಗ್ ತಾನಾಗಿ ಮರಳುವುದಿಲ್ಲ. ಹೊರೆ ಹೊತ್ತು ಚಾರ್ಮಾಡಿ ಇಳಿಯುವಾಗ ಇದು ಸಣ್ಣ ಮಾತಲ್ಲ. ಟಾರ್ಷನ್ ಬಾರ್ ಬಿಗಿದು ಏರಿಸಿದ ಗಾಡಿಯಲ್ಲಿ ಕ್ಯಾಂಬರ್, ಟೋ ಎರಡೂ ತಪ್ಪುತ್ತವೆ. ಚಕ್ರ ಒಂದೇ ಒಂದು ಡಿಗ್ರಿ ಓರೆಯಿದ್ದರೂ ಪ್ರತಿ ಕಿಲೋಮೀಟರಿಗೆ ಸುಮಾರು 17 ಮೀಟರಿನಷ್ಟು ಪಕ್ಕಕ್ಕೆ ಉಜ್ಜಿದಂತೆ. ಟಯರು ಸವೆಯದೆ ಇದ್ದೀತೇ? ಭೀಮಾ ತೀರದ ಮಣ್ಣೂರಿನ ಎರೆ ನೆಲದಲ್ಲಿ ಓಡುವ ಗಾಡಿಗೂ ಈ ಲೆಕ್ಕ ಒಂದೇ.

ಆದುದರಿಂದ ಎತ್ತರಿಸಿದ ದಿನವೇ ಅಲೈನ್‌ಮೆಂಟ್ ಮಾಡಿಸಬೇಕು. ಮೊದಲು ಟಯರಿನ ಗಾಳಿ, ಕಿಂಗ್‌ಪಿನ್, ಬಾಲ್ ಜಾಯಿಂಟ್, ಟೈ ರಾಡ್‌ಗಳ ಸಡಿಲ ನೋಡಿಸಿ. ಬಳಿಕ ಕ್ಯಾಸ್ಟರ್, ಕ್ಯಾಂಬರ್. ಟೋ ಕೊನೆಯಲ್ಲಿ, ಏಕೆಂದರೆ ಮೊದಲಿನವು ಬದಲಾದರೆ ಅದೂ ಬದಲಾಗುತ್ತದೆ. ಸ್ಪ್ರಿಂಗಿನ ಗಾಡಿಯಲ್ಲಿ ಕ್ಯಾಸ್ಟರನ್ನು ಆಕ್ಸಲ್ ಮತ್ತು ಸ್ಪ್ರಿಂಗಿನ ನಡುವೆ ಓರೆ ಬಿಲ್ಲೆ ಇಟ್ಟು ಸರಿಪಡಿಸುತ್ತಾರೆ. ಕೆಲವು ದಿನ ಓಡಿಸಿದ ಮೇಲೆ ಯು-ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಸಿ.

ಕಾನೂನನ್ನೂ ಮರೆಯುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನಂತೆ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಲಾಗದೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ತೀರ್ಪಿತ್ತಿದೆ. ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸಿ.

ನನ್ನ ಅಭಿಪ್ರಾಯ ಇಷ್ಟೇ: ಜಗ್ಗಿದ ಸ್ಪ್ರಿಂಗನ್ನು ಬದಲಿಸಿ ಮೂಲ ಎತ್ತರಕ್ಕೆ ತನ್ನಿ. ಉಳಿದ ಹಣವನ್ನು ದಾರಿಯ ಕೊರಕಲು ಮುಚ್ಚಲು, ಮೋರಿ ಕಟ್ಟಲು ಬಳಸಿ. ಅದರಿಂದ ನಿಮ್ಮ ಗಾಡಿಗಷ್ಟೇ ಅಲ್ಲ, ನೆರೆಯವರ ಗಾಡಿಗೂ ಅನುಕೂಲ. ಹಾಗೂ ಎತ್ತರಿಸಲೇಬೇಕೆಂದರೆ ಅಲೈನ್‌ಮೆಂಟಿನ ಖರ್ಚನ್ನು ಅದರ ಅಂಗವೆಂದೇ ಎಣಿಸಿ. ಹೋಗುವುದು ಟಯರು ಮಾತ್ರವಾದರೆ ಹೊಸದು ಕೊಳ್ಳಬಹುದು. ಘಾಟಿಯಲ್ಲಿ ಸ್ಟೀರಿಂಗ್ ಹಿಡಿದು ಕುಳಿತವನು ನಮ್ಮ ಮನೆಯವನೇ ಎಂಬುದು ನೆನಪಿರಲಿ.