‘ಆತ್ರೀ’ ಎಂದರೆ ಏನರ್ಥ?

ಇಂಡಿ ತಾಲ್ಲೂಕಿನ ಸಾಲೋಟಗಿಗೆ ಒಂದು ಹಳೆಯ ಹೆಮ್ಮೆಯಿದೆ. ಕ್ರಿ.ಶ. 945ರ ಇಲ್ಲಿಯ ಕಂಬದ ಶಾಸನವು ರಾಷ್ಟ್ರಕೂಟ ದೊರೆ ಮುಮ್ಮಡಿ ಕೃಷ್ಣನ ಮಂತ್ರಿ ನಾರಾಯಣನು ಕಟ್ಟಿಸಿದ ವಿದ್ಯಾಶಾಲೆಯ ಸುದ್ದಿ ಹೇಳುತ್ತದೆ. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳು ಅಲ್ಲಿ ಓದುತ್ತಿದ್ದರು. ಅವರ ವಸತಿಗೆ 27 ಮನೆಗಳಿದ್ದವು. ದೀಪದ ಖರ್ಚಿಗೂ ಭೂಮಿಯ ದತ್ತಿಯಿತ್ತು. ಬೇರೆ ಬೇರೆ ಸೀಮೆಯ ನಡೆ ನುಡಿಗಳ ಹುಡುಗರು ಕೂಡಿ ಬಾಳಿದ ಊರಿದು.

ಈಗ ಹಾದಿ ತಿರುಗಿದೆ. ಅಂದು ಪರಸೀಮೆಯವರು ಇಲ್ಲಿಗೆ ಬರುತ್ತಿದ್ದರು. ಇಂದು ಈ ಸೀಮೆಯ ಮಕ್ಕಳು ಐಟಿಐ, ಡಿಪ್ಲೊಮಾ, ಎಂಜಿನಿಯರಿಂಗ್ ಮುಗಿಸಿ ಜಪಾನಿ, ಜರ್ಮನ್, ಅಮೆರಿಕನ್ ಕಂಪನಿಗಳ ಬಾಗಿಲು ತಟ್ಟುತ್ತಾರೆ. ಅಂಕಪಟ್ಟಿ ಚೆನ್ನಾಗಿರಲಿ, ಇಂಗ್ಲಿಷ್ ಬರಲಿ ಎಂದು ತಂದೆ ತಾಯಿಗಳು ಸಾಲ ಮಾಡಿಯಾದರೂ ಓದಿಸುತ್ತಾರೆ. ಆದರೆ ಪಠ್ಯದಲ್ಲಿಲ್ಲದ ಒಂದು ಪಾಠ ಉಳಿದೇ ಹೋಗುತ್ತದೆ.

ಆ ಪಾಠ ‘ಆತ್ರೀ’ ಎಂಬ ಒಂದು ಮಾತಿನಲ್ಲಿದೆ. ಹಿರಿಯರು ಏನಾದರೂ ಹೇಳಿದರೆ ಈ ಭಾಗದ ಹುಡುಗನ ಬಾಯಿಂದ ತಟ್ಟನೆ ಬರುವ ಉತ್ತರ ಅದು. ಅದಕ್ಕೆ ‘ಕೇಳಿಸಿತು’ ಎಂದೂ ಅರ್ಥ, ‘ಒಪ್ಪಿದೆ’ ಎಂದೂ ಅರ್ಥ, ‘ಮಾಡಿ ಮುಗಿಸಿದೆ’ ಎಂದೂ ಅರ್ಥ. ಯಾವುದು ಯಾವಾಗ ಎಂಬುದು ಊರವರಿಗೆ ದನಿ ಕೇಳಿದರೆ, ಮುಖ ನೋಡಿದರೆ ತಿಳಿಯುತ್ತದೆ. ಪರದೇಶದ ಮ್ಯಾನೇಜರನಿಗೆ ಹೇಗೆ ತಿಳಿಯಬೇಕು?

ಜಪಾನಿಯರಲ್ಲೂ ಇಂಥದೇ ಮಾತೊಂದಿದೆ. ಅವರು ‘ಹಾಯ್’ ಎಂದರೆ ಅನೇಕ ಸಲ ‘ಒಪ್ಪಿದೆ’ ಎಂದಲ್ಲ, ‘ಕೇಳುತ್ತಿದ್ದೇನೆ’ ಎಂದಷ್ಟೇ. ಮಾತಿಗಿಂತ ಸಂದರ್ಭವೇ ಹೆಚ್ಚು ಹೇಳುವ ಸಮಾಜಗಳು ಕೆಲವು, ಮಾತೇ ಎಲ್ಲವನ್ನೂ ಹೇಳಬೇಕೆನ್ನುವ ಸಮಾಜಗಳು ಕೆಲವು ಎಂದು ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ 1976ರಲ್ಲಿ ವಿವರಿಸಿದರು. ಜಪಾನ್ ಮೊದಲನೆಯ ಗುಂಪಿನದು. ಜರ್ಮನಿ, ಅಮೆರಿಕಗಳು ಎರಡನೆಯ ಗುಂಪಿನವು. ‘ನೋಡೋಣ’ ಎಂಬ ಒಂದು ಮಾತಿನಲ್ಲಿ ಇಲ್ಲಿಯವರು ನಯವಾಗಿ ‘ಇಲ್ಲ’ ಎಂದುಬಿಡುತ್ತಾರೆ. ಜರ್ಮನಿಯವನು ನಿಜಕ್ಕೂ ನೋಡುತ್ತಾರೆಂದು ಕಾಯುತ್ತಾನೆ!

ಡಚ್ ವಿದ್ವಾಂಸ ಗೀರ್ಟ್ ಹಾಫ್‌ಸ್ಟೆಡ್ ಇದನ್ನೇ ಅಂಕಿಗಳಲ್ಲಿ ಅಳೆಯಲು ಹೊರಟರು. ಹಲವು ದೇಶಗಳ ಐಬಿಎಂ ನೌಕರರನ್ನು ಪ್ರಶ್ನಿಸಿ 1980ರಲ್ಲಿ ಪುಸ್ತಕ ತಂದರು. ಮೇಲಿನವರಿಗೂ ಕೆಳಗಿನವರಿಗೂ ನಡುವಿನ ಅಂತರವನ್ನು ಜನ ಎಷ್ಟು ಸಹಜವೆಂದು ಒಪ್ಪುತ್ತಾರೆ ಎಂಬುದು ಅವರ ಒಂದು ಅಳತೆ. ಅದರಲ್ಲಿ ಭಾರತಕ್ಕೆ 77, ಜಪಾನಿಗೆ 54, ಅಮೆರಿಕಕ್ಕೆ 40. ಅನಿಶ್ಚಿತತೆಯನ್ನು ಕಂಡು ಅಳುಕುವ ಅಳತೆಯಲ್ಲಿ ಜಪಾನಿಗೆ 92, ಭಾರತಕ್ಕೆ ಕೇವಲ 40. ಇವು ಸರಾಸರಿಗಳು; ಒಬ್ಬೊಬ್ಬ ಮನುಷ್ಯನ ಜಾತಕವಲ್ಲ. ಆದರೂ ಅವು ಒಂದು ಗುಟ್ಟು ಹೇಳುತ್ತವೆ. ‘ಹೆಂಗೋ ಆಗತದ’ ಎಂಬ ಮಾತು ಇಲ್ಲಿಯವರಿಗೆ ಧೈರ್ಯ, ಜಪಾನಿಗೆ ದಿಗಿಲು.

ಇದರ ಪರೀಕ್ಷೆ ಕರ್ನಾಟಕದಲ್ಲೇ ನಡೆದಿದೆ. ಬೆಂಗಳೂರಿನ ಬಳಿ ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಮೋಟಾರ್ 1999ರ ಕೊನೆಯಲ್ಲಿ ಕಾರು ತಯಾರಿಕೆ ಆರಂಭಿಸಿತು. ಟೊಯೊಟಾ ಪದ್ಧತಿಯಲ್ಲಿ ‘ಆಂದೋನ್’ ಎಂಬುದೊಂದಿದೆ. ಕೆಲಸದಲ್ಲಿ ದೋಷ ಕಂಡ ಕಾರ್ಮಿಕ ಹಗ್ಗ ಎಳೆಯಬೇಕು ಅಥವಾ ಗುಂಡಿ ಒತ್ತಬೇಕು. ದೀಪ ಹೊತ್ತಿಕೊಳ್ಳುತ್ತದೆ, ತಂಡದ ಮುಖಂಡ ಓಡಿಬರುತ್ತಾನೆ, ದೋಷ ಸರಿಹೋಗದಿದ್ದರೆ ಇಡೀ ಸಾಲೇ ನಿಲ್ಲುತ್ತದೆ. ಹಗ್ಗ ಎಳೆದವನು ತಪ್ಪು ಮಾಡಿದವನಲ್ಲ, ಕರ್ತವ್ಯ ಮಾಡಿದವನು. ‘ದೊಡ್ಡವರ ಮುಂದ ಬಾಯಿ ಮುಚ್ಚಿಕೊಂಡು ಇರಬೇಕು’ ಎಂದು ಕೇಳಿ ಬೆಳೆದ ಹುಡುಗನಿಗೆ ಆ ಹಗ್ಗ ಎಷ್ಟು ಭಾರವಾಗಬಹುದು, ಯೋಚಿಸಿ. ಅವನು ಸುಮ್ಮನಿದ್ದರೆ ದೋಷ ಕಾರಿನೊಳಗೇ ಉಳಿಯುತ್ತದೆ.

ಕಲಿಯಬೇಕಾದದ್ದು ಹುಡುಗ ಮಾತ್ರವಲ್ಲ. ಬಿಡದಿಯ ಅದೇ ಕಾರ್ಖಾನೆ 2006ರ ಜನವರಿಯಲ್ಲಿ, ಮತ್ತೆ 2020ರ ನವೆಂಬರಿನಲ್ಲಿ ಮುಷ್ಕರ, ಲಾಕೌಟುಗಳನ್ನು ಕಂಡಿತು. ಇವನ್ನೆಲ್ಲ ಸಂಸ್ಕೃತಿಯ ತಲೆಗೆ ಕಟ್ಟುವುದು ತಪ್ಪು. ಶಿಸ್ತುಕ್ರಮ, ಕೆಲಸದ ಹೊರೆ ಮುಂತಾದ ನೇರ ಪ್ರಶ್ನೆಗಳು ಅಲ್ಲಿದ್ದವು. ಕಾರ್ಮಿಕನ ದೂರನ್ನು ‘ಅವರ ಸಂಸ್ಕೃತಿಯೇ ಹಾಗೆ’ ಎಂದು ತಳ್ಳಿಹಾಕುವ ಆಡಳಿತ ಎಲ್ಲಿದ್ದರೂ ಏನನ್ನೂ ಕಲಿಯದು. ಪರದೇಶದ ಯಂತ್ರವನ್ನು ಹಡಗಿನಲ್ಲಿ ತರಬಹುದು, ವಿಶ್ವಾಸವನ್ನು ಇಲ್ಲಿಯೇ ಬೆಳೆಸಬೇಕು. ಟೊಯೊಟಾ 2007ರಲ್ಲಿ ಬಿಡದಿಯಲ್ಲಿ ತೆರೆದ ತಾಂತ್ರಿಕ ತರಬೇತಿ ಸಂಸ್ಥೆ, ಹತ್ತನೆಯ ತರಗತಿ ಮುಗಿಸಿದ ಬಡ ಗ್ರಾಮೀಣ ಮಕ್ಕಳನ್ನು ಮೂರು ವರ್ಷ ವಸತಿ ಸಹಿತ ತಯಾರು ಮಾಡುವ ಉದ್ದೇಶದ್ದು. ಕೈಕೆಲಸದ ಜೊತೆಗೆ ನಡವಳಿಕೆಯೂ ಅಲ್ಲಿ ಪಾಠವೇ.

ಕಾರ್ಖಾನೆಗೆ ಹೋಗದೆ ಹೊಲದಲ್ಲೇ ಉಳಿಯುವವರಿಗೂ ಈ ಪಾಠ ತಪ್ಪಿದ್ದಲ್ಲ. ಭೌಗೋಳಿಕ ಸೂಚಕ ಪಡೆದ ಇಂಡಿ ನಿಂಬೆ 2025ರಲ್ಲಿ ಸಂಯುಕ್ತ ಅರಬ್ ಸಂಸ್ಥಾನಕ್ಕೂ ಬ್ರಿಟನ್ನಿಗೂ ಹೋಯಿತು. ಊರ ಸಂತೆಯಲ್ಲಿ ‘ನಾಳಿ ಕಳಸ್ತೀನಿ’ ಎಂದರೆ ನಾಳಿದ್ದೂ ನಡೆದೀತು, ಪರಿಚಯದ ಮೇಲೆ ವ್ಯಾಪಾರ. ಲಂಡನ್ನಿನ ಖರೀದಿದಾರನಿಗೆ ಬೇಕಾದದ್ದು ತಾರೀಖು, ತೂಕ, ಗಾತ್ರ, ಬರವಣಿಗೆ. ಕೊಲ್ಲಿಯ ವರ್ತಕನಿಗೆ ಬರವಣಿಗೆಯ ಜೊತೆಗೆ ಕೂತು ಚಹಾ ಕುಡಿದು ಬೆಳೆಸಿಕೊಂಡ ಪರಿಚಯವೂ ಬೇಕಾಗುತ್ತದೆ. ನಿಂಬೆ ಒಂದೇ, ಮಾರುವ ರೀತಿ ಎರಡು.

ಹಾಗಾದರೆ ಹುಡುಗರು ತಮ್ಮ ವಿನಯವನ್ನು ಬಿಟ್ಟು ಬರಬೇಕೆ? ಬೇಡ. ವಿನಯ ಬೇರೆ, ಮೌನ ಬೇರೆ. ಹೇಳಿದ ಕೆಲಸವನ್ನು ತನ್ನ ಮಾತಿನಲ್ಲಿ ತಿರುಗಿ ಹೇಳಿ ‘ಹೀಗೇ ಅಲ್ಲವೇ?’ ಎಂದು ಕೇಳುವುದು ಉದ್ಧಟತನವಲ್ಲ. ‘ಬೇಗ ಮಾಡುತ್ತೇನೆ’ ಎನ್ನುವ ಬದಲು ‘ಗುರುವಾರ ಸಂಜೆಯೊಳಗೆ’ ಎನ್ನಬಹುದು. ಆಗದಿದ್ದರೆ ಬುಧವಾರವೇ ತಿಳಿಸಬಹುದು. ತಿಳಿಯದಿದ್ದರೆ ‘ತಿಳಿಲಿಲ್ಲ ರೀ, ಇನ್ನೊಮ್ಮೆ ಹೇಳ್ರಿ’ ಎನ್ನಬಹುದು. ಆ ‘ರೀ’ಯಲ್ಲಿ ಗೌರವ ಹಾಗೆಯೇ ಇದೆ.

ಇದರ ಅಭ್ಯಾಸ ಶುರುವಾಗಬೇಕಾದದ್ದು ಮನೆಯಲ್ಲಿ. ಮಗಳು ‘ಯಾಕ?’ ಎಂದು ಕೇಳಿದಾಗ ‘ಹೇಳಿದಷ್ಟು ಮಾಡು’ ಎಂದು ಗದರುವ ತಂದೆ, ಮುಂದೆಂದೋ ಅವಳು ಎಳೆಯಬೇಕಾದ ಹಗ್ಗವನ್ನು ಇಂದೇ ಕತ್ತರಿಸಿದಂತೆ. ಮುಂದಿನ ಸಲ ಮಕ್ಕಳು ‘ಆತ್ರೀ’ ಎಂದಾಗ ತಂದೆ ತಾಯಿಗಳು ಒಂದು ಕ್ಷಣ ನಿಂತು ಕೇಳಲಿ: ‘ಏನು ಆತು? ಕೇಳಿಸಿತೋ, ತಿಳಿಯಿತೋ?’