ಕುಮಟಾ ಹತ್ತಿಯೂ ಲಿಂಕನ್ನರ ಹಡಗುಗಳೂ

ಕುಮಟಾದಲ್ಲಿ ಹತ್ತಿ ಬೆಳೆಯುವುದಿಲ್ಲ. ಆದರೂ ನಮ್ಮ ಸೀಮೆಯ ಜವಾರಿ ಹತ್ತಿಗೆ ವ್ಯಾಪಾರಿಗಳು ಇಟ್ಟ ಹೆಸರು ‘ಕುಮಟಾ ಹತ್ತಿ’. ಧಾರವಾಡ ಜಿಲ್ಲೆಯ ಅರಳೆ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು, ಕುಮಟಾ ಬಂದರಿನಲ್ಲಿ ಹಡಗು ಹತ್ತುತ್ತಿತ್ತು. ಅದಕ್ಕೇ ಆ ಹೆಸರು. ಹಾನಗಲ್, ಶಿಗ್ಗಾಂವಿ, ಹಿರೇಕೆರೂರು ಆಗ ಆ ಜಿಲ್ಲೆಗೇ ಸೇರಿದ್ದವು. ಸವಣೂರು ಮಾತ್ರ ನವಾಬರ ಪುಟ್ಟ ಸಂಸ್ಥಾನ.

ಈ ಗಾಡಿಗಳಿಗೆ ಶುಕ್ರದೆಸೆ ಬಂದದ್ದು ಸಮುದ್ರದಾಚೆಯ ಒಂದು ಯುದ್ಧದಿಂದ. 1861ರ ಏಪ್ರಿಲ್ 19ರಂದು ಅಮೆರಿಕದ ಅಧ್ಯಕ್ಷ ಲಿಂಕನ್, ದಂಗೆಯೆದ್ದ ದಕ್ಷಿಣ ರಾಜ್ಯಗಳ ಬಂದರುಗಳನ್ನು ಯುದ್ಧನೌಕೆಗಳಿಂದ ಮುಚ್ಚಿಸುವುದಾಗಿ ಘೋಷಿಸಿದರು. ಇಂಗ್ಲೆಂಡಿನ ಲ್ಯಾಂಕಷೈರ್ ಗಿರಣಿಗಳಿಗೆ ಮುಕ್ಕಾಲು ಪಾಲು ಹತ್ತಿ ಬರುತ್ತಿದ್ದುದೇ ಅಲ್ಲಿಂದ. ಲಿವರ್‌ಪೂಲ್ ಪೇಟೆಯಲ್ಲಿ ಪೌಂಡಿಗೆ 8 ಪೆನ್ಸ್ ಆಸುಪಾಸಿದ್ದ ಅಮೆರಿಕನ್ ಹತ್ತಿ 1864ರಲ್ಲಿ 30 ದಾಟಿತು. ಎಲ್ಲರ ಕಣ್ಣೂ ನಮ್ಮ ಎರೆಭೂಮಿಯ ಮೇಲೆ ಬಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಮುಂಬಯಿಯ ಹತ್ತಿ ವ್ಯಾಪಾರಿಗಳ ಒತ್ತಾಯವಿತ್ತು. ಅವರಿಗೆ ಕಾರವಾರದ ಬಂದರು ಬೇಕಿತ್ತು. ಕಲಬೆರಕೆ ಎಷ್ಟು ಹೆಚ್ಚಿತೆಂದರೆ, 1863ರಲ್ಲಿ ಮುಂಬಯಿ ಸರಕಾರ ಹತ್ತಿಯ ಮೋಸ ತಡೆಯಲೆಂದೇ ಕಾಯಿದೆ ಮಾಡಬೇಕಾಯಿತು. (ಆಸೆ ಅಂದಿನದೂ ಹೌದು, ಇಂದಿನದೂ ಹೌದು!)

1865ರಲ್ಲಿ ಯುದ್ಧ ಮುಗಿಯಿತು. ಮುಂಬಯಿಯ ಪೇಟೆ ಕುಸಿದು ಬಿತ್ತು. ಹತ್ತಿಯ ಬೆಲೆ ಇಳಿಯಿತು, ಅದನ್ನು ನಂಬಿ ಮಾಡಿದ ಸಾಲ ಇಳಿಯಲಿಲ್ಲ. ಹತ್ತು ವರ್ಷ ಕಳೆಯುವಷ್ಟರಲ್ಲಿ 1876-78ರ ಘೋರ ಬರವೂ ಬಂತು.

ಗಿರಣಿಗಳು ನಮ್ಮ ಹತ್ತಿಯನ್ನೇ ಏಕೆ ಮುಂದುವರಿಸಲಿಲ್ಲ? ಇಲ್ಲಿ ಸಕ್ಕರೆಯ ಕಥೆ ನೆನೆಯಬೇಕು. ನೆಪೋಲಿಯನ್ನನ ಕಾಲದಲ್ಲಿ ಬ್ರಿಟಿಷ್ ನೌಕಾಪಡೆ ಫ್ರಾನ್ಸಿನ ಸಕ್ಕರೆ ದ್ವೀಪಗಳಾದ ಮಾರ್ಟಿನಿಕ್, ಗ್ವಾಡಲೂಪ್‌ಗಳನ್ನು ಹಿಡಿಯಿತು. ಸಕ್ಕರೆ ಸಿಗದ ನೆಪೋಲಿಯನ್ 1811ರಲ್ಲಿ ಬೀಟ್ ಬೆಳೆಯಲು ಆಜ್ಞೆ ಮಾಡಿದ. ಬೀಟಿನ ಸಕ್ಕರೆ ಕಬ್ಬಿನದೇ ಸಕ್ಕರೆ ಎಂದು ಜರ್ಮನಿಯ ಮಾರ್ಗ್ರಾಫ್ 1747ರಲ್ಲೇ ತೋರಿಸಿದ್ದ. ಎರಡೂ ಸುಕ್ರೋಸ್, ಸಂಗೂರಿನ ಕಾರ್ಖಾನೆಗೆ ಹೋಗುವ ಕಬ್ಬಿನಲ್ಲಿರುವುದೂ ಅದೇ. ನಾಲಿಗೆಗೆ ವ್ಯತ್ಯಾಸ ತಿಳಿಯದು. ಆದ್ದರಿಂದ ಯುದ್ಧ ಮುಗಿದರೂ ಬೀಟ್ ಉಳಿಯಿತು, ಬೆಳೆಯಿತು. 19ನೆಯ ಶತಮಾನದ ಕೊನೆಗೆ ಜಗತ್ತಿನ ಅರ್ಧಕ್ಕಿಂತ ಹೆಚ್ಚು ಸಕ್ಕರೆ ಅದರದೇ. ದ್ವೀಪಗಳ ಹಳೆಯ ವೈಭವ ಮರಳಲಿಲ್ಲ.

ಹತ್ತಿಯಲ್ಲಿ ಹಾಗಲ್ಲ. ರಾಸಾಯನಿಕವಾಗಿ ಎಲ್ಲ ಹತ್ತಿಯೂ ಸೆಲ್ಯುಲೋಸ್ ನಿಜ, ಆದರೆ ಯಂತ್ರ ನೋಡುವುದು ಎಳೆಯ ಉದ್ದ. ಅಮೆರಿಕದ ಎಳೆ ಸುಮಾರು ಒಂದು ಅಂಗುಲ, ನಮ್ಮ ಜವಾರಿಯದು ಅದಕ್ಕಿಂತ ಗಿಡ್ಡ. ಗಿಡ್ಡ ಎಳೆ ನೂಲುವಾಗ ಹರಿಯುತ್ತದೆ. ಧಾರವಾಡದಲ್ಲಿ 1840ರ ದಶಕದಿಂದಲೇ ಅಮೆರಿಕದ ಬೀಜ ಬಿತ್ತಿಸಿದ್ದರು. ಜನ ಅದನ್ನು ‘ವಿಲಾಯತಿ ಹತ್ತಿ’ ಎಂದರು. ಆದರೆ ಎರಡೂ ಬೆರೆತು ಪೇಟೆಗೆ ಹೋದರೆ ಉದ್ದ ಎಳೆಯ ಬೆಲೆ ಯಾರು ಕೊಟ್ಟಾರು?

ವಿದ್ಯಾರ್ಥಿಗಳೇ, ಹೊಲದಿಂದ ಒಂದು ಅರಳಿದ ಹತ್ತಿಕಾಯಿ ತನ್ನಿ. ಬೀಜಕ್ಕೆ ಅಂಟಿದ ಎಳೆಗಳನ್ನು ಬಾಚಣಿಗೆಯಿಂದ ಮೆಲ್ಲಗೆ ಹಿಕ್ಕಿ, ಅಳತೆಪಟ್ಟಿ ಇಟ್ಟು ನೋಡಿ. ಮನೆಯಲ್ಲಿ ಜವಾರಿ ಹತ್ತಿ ಕಂಡ ಅಜ್ಜ ಇದ್ದರೆ, ಅದರ ಎಳೆ ಎಷ್ಟಿತ್ತೆಂದು ಬೆರಳಿನಲ್ಲಿ ತೋರಿಸಲು ಹೇಳಿ.