ಅರ್ಧ ವರ್ಷದ ಉಳಿತಾಯ ಮತ್ತು ಕಾನೂನು ಕಾಲೇಜಿನ ಬಾಗಿಲು

ಪದವಿಯನ್ನು ನಿಗದಿತ ಅವಧಿಗಿಂತ ಮೊದಲೇ ಮುಗಿಸಲು ಯುಜಿಸಿಯ 2025ರ ನಿಯಮಾವಳಿ ಅವಕಾಶ ಕಲ್ಪಿಸಿದೆ. ಮೂರು ವರ್ಷದ ಪದವಿಯನ್ನು ಆರು ಸೆಮಿಸ್ಟರ್‌ಗಳ ಬದಲು ಐದರಲ್ಲಿ ಪೂರೈಸಬಹುದು. ಆಯೋಗವು 2024ರಲ್ಲಿ ಅಂಗೀಕರಿಸಿದ ಕಾರ್ಯವಿಧಾನದಂತೆ ಶಿಕ್ಷಣ ಸಂಸ್ಥೆಗಳು ಶೇ 10ರಷ್ಟು ವಿದ್ಯಾರ್ಥಿಗಳಿಗೆ ಈ ಸೌಲಭ್ಯ ನೀಡಬಹುದು. ಬೆಂಗಳೂರಿನ ಹೊರವಲಯದ ಕುಟುಂಬಗಳಿಗೆ ಇದು ಆಕರ್ಷಕವಾಗಿ ಕಾಣುವುದು ಸಹಜ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳಿಗೆ 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಬಲ್ಲವರು ಬೇಕು. ಪೀಣ್ಯದ ಕಾರ್ಖಾನೆಗಳಿಗೆ 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳನ್ನು ಬಲ್ಲವರು ಬೇಕು. ಹಾಗಿರುವಾಗ, ಬೇಗ ಪದವಿ ಮುಗಿಸಿ ಬೇಗ ವಕೀಲರಾಗಬಾರದೇಕೆ?

ಈ ಲೆಕ್ಕದಲ್ಲಿ ಒಂದು ದೋಷವಿದೆ. ಐದು ಸೆಮಿಸ್ಟರ್‌ಗಳ ಪದವಿ ಸಾಮಾನ್ಯ ವೇಳಾಪಟ್ಟಿಯಂತೆ ವರ್ಷಾಂತ್ಯಕ್ಕೆ ಮುಗಿಯುತ್ತದೆ. ಆದರೆ ಕಾನೂನು ಕಾಲೇಜುಗಳು ತೆರೆಯುವುದು ವರ್ಷದ ಮಧ್ಯಭಾಗದಲ್ಲಿ. ಆರು ಸೆಮಿಸ್ಟರ್ ಓದಿದ ಸಹಪಾಠಿಯೂ ಆ ಹೊತ್ತಿಗೆ ಅದೇ ಬಾಗಿಲಲ್ಲಿ ನಿಂತಿರುತ್ತಾನೆ. ಅಂತಿಮ ವರ್ಷದವರಿಗೂ ಪ್ರವೇಶ ಪರೀಕ್ಷೆ ಬರೆಯಲು ಅವಕಾಶವಿದೆ. ಆದ್ದರಿಂದ ಉಳಿದಂತೆ ಕಂಡ ಅರ್ಧ ವರ್ಷ ವಾಸ್ತವವಾಗಿ ಕೇವಲ ಬಿಡುವು. ನಾಲ್ಕು ವರ್ಷದ ಆನರ್ಸ್‌ಗೆ ಸೇರಿ ಮೂರನೆಯ ವರ್ಷಾಂತ್ಯಕ್ಕೆ ಪದವಿಯೊಂದಿಗೆ ಹೊರಬರುವವರಿಗೆ ಮಾತ್ರ ನಿಜವಾಗಿಯೂ ಒಂದು ವರ್ಷ ಉಳಿಯುತ್ತದೆ.

ಈ ಬಿಡುವಿಗೆ ತೆರಬೇಕಾದ ಬೆಲೆಯೇನು? ಕನಿಷ್ಠ 120 ಕ್ರೆಡಿಟ್‌ಗಳ ಪದವಿಯಲ್ಲಿ ಎರಡು ಸೆಮಿಸ್ಟರ್ ಮುಗಿದ ಮೇಲೆ ಉಳಿಯುವುದು 80. ಅದನ್ನು ನಾಲ್ಕರ ಬದಲು ಮೂರು ಸೆಮಿಸ್ಟರ್‌ಗಳಲ್ಲಿ ಮುಗಿಸಬೇಕಾದರೆ ಪ್ರತಿ ಬಾರಿಯೂ 20ರ ಬದಲು ಸುಮಾರು 27 ಕ್ರೆಡಿಟ್‌ಗಳ ಹೊರೆ. ಇದರಿಂದ ಅಂಕಗಳು ಕುಸಿದರೆ ನಷ್ಟ ಚಿಕ್ಕದಲ್ಲ. ರಾಜ್ಯ ಕಾನೂನು ವಿಶ್ವವಿದ್ಯಾಲಯದ ವ್ಯಾಪ್ತಿಯ ಕಾಲೇಜುಗಳಲ್ಲಿ ಮೂರು ವರ್ಷದ ಎಲ್‌ಎಲ್‌.ಬಿ. ಪ್ರವೇಶಕ್ಕೆ ಮುಖ್ಯ ಆಧಾರ ಪದವಿಯ ಅಂಕಗಳೇ. ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆ 2022ರಲ್ಲಿ ಆರಂಭಿಸಿದ ಮೂರು ವರ್ಷದ ಕೋರ್ಸಿನ ದಾರಿ ಬೇರೆ. ಅಲ್ಲಿ ಅರ್ಹತೆಗೆ ಬೇಕಾದ ಕನಿಷ್ಠ ಅಂಕಗಳಿದ್ದರೆ ಸಾಕು. ಆಯ್ಕೆ ನಡೆಯುವುದು ಪ್ರವೇಶ ಪರೀಕ್ಷೆಯಿಂದ. ಆ ಪರೀಕ್ಷೆಯ ಗಣನೀಯ ಭಾಗ ಬರವಣಿಗೆ. ಓದಿ, ಯೋಚಿಸಿ, ಬರೆಯುವ ಅಭ್ಯಾಸಕ್ಕೆ ಬಿಡುವು ಸಹಾಯಕವೇ ಹೌದು. ಆದರೆ ಆ ಸಾಮರ್ಥ್ಯವನ್ನು ಬೆಳೆಸಬೇಕಾದ ಪದವಿಯನ್ನೇ ಅವಸರದಲ್ಲಿ ಮುಗಿಸಿದವರಿಗೆ ಆರು ತಿಂಗಳ ತರಬೇತಿ ಎಷ್ಟು ತುಂಬಿಕೊಡಬಲ್ಲದು?

ಅರ್ಥಶಾಸ್ತ್ರದಲ್ಲಿ ಅವಕಾಶ ವೆಚ್ಚ ಎಂಬ ಮಾತಿದೆ: ಒಂದನ್ನು ಆಯ್ದುಕೊಂಡಾಗ ಬಿಟ್ಟುಕೊಡುವ ಇನ್ನೊಂದರ ಮೌಲ್ಯ. ಈ ಮೌಲ್ಯ ಎಲ್ಲ ಮನೆಗಳಲ್ಲೂ ಒಂದೇ ಅಲ್ಲ. ವೈಟ್‌ಫೀಲ್ಡ್‌ನ ಸಾಫ್ಟ್‌ವೇರ್ ಉದ್ಯೋಗಿಯ ಮಗಳಿಗೆ ಆ ಆರು ತಿಂಗಳು ಸ್ಪರ್ಧೆಯಲ್ಲಿ ಒಂದು ಹೆಜ್ಜೆ ಮಾತ್ರ. ಪೀಣ್ಯದ ಯಂತ್ರ ಕಾರ್ಮಿಕನ ಮಗನಿಗೆ ಅದು ಆರು ತಿಂಗಳ ಸಂಬಳ. ವಕೀಲರ ಪರಿಷತ್ತಿನ 2008ರ ನಿಯಮಗಳಂತೆ ಕಾನೂನು ತರಗತಿಗಳು ಬೆಳಿಗ್ಗೆ 8ರಿಂದ ಸಂಜೆ 7ರ ನಡುವೆಯೇ ನಡೆಯಬೇಕು. ಶೇ 70ರ ಹಾಜರಾತಿ ಕಡ್ಡಾಯ. ಹಗಲು ಪಾಳಿಯ ಕೆಲಸ ಮಾಡುತ್ತ ಎಲ್‌ಎಲ್‌.ಬಿ. ಓದುವುದು ಅಸಾಧ್ಯವೆಂದೇ ಹೇಳಬೇಕು. ಶುಲ್ಕಕ್ಕೆ ಹಣ ಕೂಡಿಡಲು ಅವನಿಗಿರುವ ಸಮಯ ಪ್ರವೇಶಕ್ಕೆ ಮುಂಚಿನದು ಮಾತ್ರ.

ಆದ್ದರಿಂದ, ಅನುಕೂಲವಿದ್ದವರು ಆರನೆಯ ಸೆಮಿಸ್ಟರನ್ನು ಬಿಟ್ಟುಕೊಡದಿರುವುದೇ ಲೇಸು. ದುಡಿಮೆಯ ಅನಿವಾರ್ಯತೆಯುಳ್ಳವರಿಗೆ ಅವಸರದ ಪದವಿಯೊಂದೇ ಪರಿಹಾರವಾಗಬಾರದು. ಕಾನೂನು ಓದಿಗೆ ವಿದ್ಯಾರ್ಥಿವೇತನವನ್ನು ಸರ್ಕಾರ ಹಿಗ್ಗಿಸಬೇಕು. ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷಗಳ ವಕೀಲಿ ಅನುಭವ ಅಗತ್ಯವೆಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ತೀರ್ಪಿತ್ತಿದೆ. ಪಕ್ವತೆಗೆ ಕಾಲ ಬೇಕೆಂಬುದನ್ನು ನ್ಯಾಯಾಲಯವೇ ಒಪ್ಪಿರುವಾಗ, ಅದರತ್ತ ಹೊರಟವರ ಮೊದಲ ಹೆಜ್ಜೆಯನ್ನು ನಾವೇಕೆ ಅವಸರಪಡಿಸಬೇಕು?